ಚಾರ್ಲಿ ಕ್ರಿಶ್ಚಿಯನ್ ಗಿಟಾರ್ ಅಂತಿದ್ದಾರೆ, ತಗೊಳ್ಳಬಹುದಾ?

ಪ್ರಶ್ನೆ: ಸರ್, ನಾನು ಮಿಶಿಗನ್‌ನಲ್ಲಿದ್ದೇನೆ. ಇಲ್ಲಿ ಹಳೇ ಸಾಮಾನು ಮಾರುವವರೊಬ್ಬರ ಹತ್ತಿರ ಗಿಬ್ಸನ್ ಕಂಪನಿಯ ಆರ್ಚ್‌ಟಾಪ್ (ಮೇಲ್ಹಲಗೆ ಉಬ್ಬಿರುವ ಗಿಟಾರ್) ಇದೆ. '1938ರ ಇಎಸ್-150 ಎಲೆಕ್ಟ್ರಿಕ್ ಮಾದರಿ, ಜಾಝ್ ವಾದಕ ಚಾರ್ಲಿ ಕ್ರಿಶ್ಚಿಯನ್ ಗಿಟಾರ್' ಅಂತಾರೆ. ಅಗಲ 17 ಇಂಚು. ನೆಕ್ ಹತ್ತಿರ ಕಪ್ಪು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ), ಅದರಲ್ಲಿ ಆರು ಸ್ಕ್ರೂ.

ಉತ್ತರ (ಗಿಟಾರ್ ರಿಪೇರಿ): ಆರು ಸ್ಕ್ರೂ ಅಂದ್ರಲ್ಲ, 1938ರ ಮಾತು ಅಲ್ಲೇ ಮುಗಿಯಿತು. ಇಎಸ್-150 ಬಂದದ್ದು 1936ರಲ್ಲಿ. ಆಗಿನ ಪಿಕಪ್‌ನಲ್ಲಿ ಆರೂ ತಂತಿಗಳ ಕೆಳಗೆ ಒಂದೇ ಉಕ್ಕಿನ ಪಟ್ಟಿ. ಮೇಲ್ಹಲಗೆಯ ಅಡಿಯಲ್ಲಿ ಎರಡು ಉದ್ದನೆಯ ಮ್ಯಾಗ್ನೆಟ್, ಅವನ್ನು ಹಿಡಿದಿರುವ ಮೂರು ಸ್ಕ್ರೂ ಹೊರಗೇ ಕಾಣುತ್ತವೆ. ಕ್ರಿಶ್ಚಿಯನ್ 1939ರಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ತಂಡ ಸೇರಿ ಅದನ್ನು ಎಷ್ಟು ಮೆರೆಸಿದರೆಂದರೆ, ಆ ಪಿಕಪ್ಪನ್ನು ಇವತ್ತಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ನಿಮ್ಮದು ಆರು ಸ್ಕ್ರೂ ಇರುವ ಪಿ-90 ಅನ್ನೋ ಗಿಬ್ಸನ್ ಪಿಕಪ್ ಇದ್ದ ಹಾಗಿದೆ. ಅದು ಎರಡನೇ ಮಹಾಯುದ್ಧ ಮುಗಿದ ಮೇಲಿನದು.

ಪ್ರಶ್ನೆ: ಪಿಕಪ್ ಆಮೇಲೆ ಬದಲಾಯಿಸಿರಬಹುದು ಅಲ್ವಾ?

ಉತ್ತರ: ಬದಲಾಯಿಸುವವರು ಇದ್ದಾರೆ. ಆದರೆ ಪಿಕಪ್ ಬದಲಾಯಿಸಿದರೆ ಗಿಟಾರ್ ಅಗಲ ಆಗಲ್ಲ! ಯುದ್ಧಕ್ಕೆ ಮೊದಲಿನ ಇಎಸ್-150 ಸುಮಾರು 16¼ ಇಂಚು, ಆಮೇಲಿನದು 17. ಇನ್ನೂ ಅನುಮಾನ ಇದ್ದರೆ ಎಫ್ ಆಕಾರದ ತೂತಿನ ಅಂಚಿಗೆ ಟಾರ್ಚ್ ಹಿಡಿದು ನೋಡಿ. ಹಳೆಯದರ ಮೇಲ್ಹಲಗೆ ಕೆತ್ತಿದ ಇಡೀ ಸ್ಪ್ರೂಸ್ ಮರ, ಗೆರೆಗಳು ಮೇಲಿಂದ ಕೆಳಗಿನವರೆಗೂ ಇಳಿದಿರುತ್ತವೆ. ಆಮೇಲಿನದು ಪ್ಲೈವುಡ್ ಥರ, ಪದರ ಪದರವಾಗಿ ಕಾಣುತ್ತದೆ. ಅಂಚಿಗೆ ಬಣ್ಣ ಬಳಿದಿದ್ದರೆ ಸಣ್ಣ ಕನ್ನಡಿ ತೂರಿಸಿ ಒಳಮೈ ನೋಡಿ, ಮ್ಯಾಗ್ನೆಟ್ ಹಿಡಿಯುವ ಮೂರು ಸ್ಕ್ರೂಗಳ ತೂತು ಮುಚ್ಚಿದ ಗುರುತು ಇದೆಯಾ ಅಂತ.

ಪ್ರಶ್ನೆ: ನೋಡಿದೆ ಸರ್, ಪದರಗಳೇ! ಆದರೆ ಒಂದು ಫೋಟೋದಲ್ಲಿ ಕ್ರಿಶ್ಚಿಯನ್ ಗಿಟಾರ್‌ನ ಫ್ರೆಟ್‌ಬೋರ್ಡ್ ಮೇಲೆ ದೊಡ್ಡ ಅಲಂಕಾರ ಇದೆ. ಇದರಲ್ಲಿ ಬರೀ ಚುಕ್ಕೆ.

ಉತ್ತರ: ಆ ಫೋಟೋದಲ್ಲಿರುವುದು ಗಿಬ್ಸನ್‌ನ ಇನ್ನೊಂದು ಮಾದರಿ ಇಎಸ್-250 ಇರಬೇಕು. ಅವರು ಎರಡನ್ನೂ ನುಡಿಸಿದ್ದಾರೆ. 250ರ ಅಗಲವೂ 17 ಇಂಚೇ, ಹಾಗಾಗಿ ಬರೀ ಅಳತೆ ನಂಬಬೇಡಿ. ಇನ್ನು 'ಅವರೇ ನುಡಿಸಿದ್ದು' ಅಂತ ಮಾರುವವರು ಹೇಳಿದರೆ ಸೀರಿಯಲ್ ನಂಬರ್ ಇರುವ ಹಳೇ ರಸೀದಿಯೋ ಪತ್ರವೋ ಕೇಳಿ. ಕ್ರಿಶ್ಚಿಯನ್ 1942ರಲ್ಲಿ, 25ನೇ ವಯಸ್ಸಿಗೇ ಕ್ಷಯದಿಂದ ತೀರಿಕೊಂಡರು. ಯುದ್ಧದ ನಂತರದ ಗಿಟಾರನ್ನು ಅವರು ಮುಟ್ಟಲು ಸಾಧ್ಯವೇ ಇರಲಿಲ್ಲ.

ಹಾಗಂತ ಗಿಟಾರ್ ಬಿಡಬೇಡಿ. ಪಿ-90 ಇರುವ ಹಳೇ ಇಎಸ್-150 ನನಗಂತೂ ಇಷ್ಟ. ನೆಕ್ ನೆಟ್ಟಗಿದೆಯಾ, ಬೈಂಡಿಂಗ್ (ಅಂಚಿನ ಪಟ್ಟಿ) ಪುಡಿಯಾಗಿಲ್ಲ ತಾನೇ ನೋಡಿ, ಅದರ ಬೆಲೆಯಷ್ಟೇ ಕೊಡಿ. ಹೆಸರಿಗೆ ಅಂತ ಜಾಸ್ತಿ ಬೇಡ.