ಮಳೆಗಾಲದಲ್ಲಿ ತಾನಾಗಿ ಅಂಟಿಕೊಂಡ ವಿಶೇಷ ಲಕೋಟೆ: ಹರಿಯದಂತೆ ಬಿಡಿಸೋದು ಹೇಗೆ?

ಪ್ರಶ್ನೆ: ಕರ್ನಾಪೆಕ್ಸ್‌ನ (ಕರ್ನಾಟಕದ ಅಂಚೆಚೀಟಿ ಪ್ರದರ್ಶನ) ನೆನಪಿಗೆ ಅಂಚೆ ಇಲಾಖೆ ತಂದ ವಿಶೇಷ ಲಕೋಟೆ, ನನ್ನದೇ. ಹಿಂಬದಿ ಮಡಿಕೆಯ ಗೋಂದು ತೇವಕ್ಕೆ ಅಂಟಿದೆ. ಒಳಗೆ ರಟ್ಟಿಲ್ಲ, ಹಾಗಾಗಿ ಬಾಗುತ್ತಿದೆ. ಮುಂದುಗಡೆ ಅಂಚೆಚೀಟಿ, ಠಸ್ಸೆ ಎರಡೂ ಇವೆ. ಕೆಟಲ್ ಹಬೆ ಹಿಡಿಯಬಹುದಾ?

ಉತ್ತರ 1: ಹಬೆ ಬೇಡವೇ ಬೇಡ. ಮಡಿಕೆಯಲ್ಲೂ ಚೀಟಿಯ ಬೆನ್ನಲ್ಲೂ ಇರೋದು ನೀರಿಗೆ ಕರಗುವ ಗೋಂದೇ. ಹಬೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲ್ಲ: ಚೀಟಿ ಏಳುತ್ತೆ, ಠಸ್ಸೆಯ ಮಸಿ ಹರಡಬಹುದು, ಕಾಗದ ಸುಕ್ಕಾಗುತ್ತೆ.

ತೇವಕ್ಕೆ ಅಂಟಿದ್ದು ಸಾಮಾನ್ಯವಾಗಿ ಅಲ್ಲಲ್ಲಿ ಮಾತ್ರ ಹಿಡಿದಿರುತ್ತೆ. ಮೊದಲು ಒಣಗಿದ್ದಾಗಲೇ ನೋಡಿ. ಮಡಿಕೆಯ ತುದಿಯಲ್ಲಿ ಗೋಂದಿಲ್ಲದ ಸಂದು ಇರುತ್ತೆ. ಹಳೇ ಪ್ಲಾಸ್ಟಿಕ್ ವಿಸಿಟಿಂಗ್ ಕಾರ್ಡನ್ನು ಅಲ್ಲಿಂದ ತೂರಿಸಿ, ಕಾಗದಕ್ಕೆ ಒರಗಿಸಿಕೊಂಡೇ ಸರಿಸಿ. ಮೇಲಕ್ಕೆ ಎತ್ತಬೇಡಿ, ಎತ್ತಿದರೆ ಪದರ ಕಿತ್ತು ಬರುತ್ತೆ. ಬ್ಲೇಡ್ ಬೇಡ.

ಉತ್ತರ 2: ಫ್ರೀಜರ್‌ನಲ್ಲಿಟ್ಟರೆ ಬಿಡುತ್ತೆ ಅಂತ ಕೆಲವರು ಹೇಳ್ತಾರೆ. ಅದು ಹೊಂದೋದು ಹಾಳೆ ಕಿತ್ತು ಒತ್ತುವ ಸ್ಟಿಕ್ಕರ್ ಅಂಟಿಗೆ; ತಣ್ಣಗಾದಾಗ ಅದು ಗಡುಸಾಗುತ್ತೆ. ಗೋಂದಿಗೆ ಅದನ್ನು ನಂಬಬೇಡಿ. ಹೊರತೆಗೆದ ಮೇಲೆ ಹನಿಗಟ್ಟಿದರೆ ಇನ್ನೂ ಕಷ್ಟ.

ಪ್ರಶ್ನೆ ಕೇಳಿದವರು: ಎರಡು ಬದಿ ಬಿಟ್ಟವು. ನಡುವೆ ಸುಮಾರು 4 ಸೆಂ.ಮೀ. ಬಿಡುತ್ತಿಲ್ಲ, ಬಿಳಿ ನಾರು ಏಳ್ತಾ ಇದೆ.

ಉತ್ತರ 1: ನಿಲ್ಲಿಸಿ. ನಾರು ಎದ್ದರೆ ಗೋಂದು ಕಾಗದಕ್ಕಿಂತ ಗಟ್ಟಿ ಅಂತ ಅರ್ಥ, ಎಳೆದಷ್ಟೂ ಹರಿಯುತ್ತೆ. ಲಕೋಟೆಯೊಳಗೆ, ಗೋಂದಿನ ಜಾಗದ ಕೆಳಗೆ, ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ. ತೇವ ಚೀಟಿಯ ಕಡೆ ಇಳಿಯಬಾರದು. ಬ್ಲಾಟಿಂಗ್ ಪೇಪರನ್ನು ಗೋಂದಿನ ಪಟ್ಟಿಯಷ್ಟೇ ಅಗಲಕ್ಕೆ ಕತ್ತರಿಸಿ, ಒದ್ದೆ ಮಾಡಿ, ಎರಡು ಒಣ ಬಟ್ಟೆಗಳ ನಡುವೆ ಒತ್ತಿ ಹಿಂಡಿ. ಮುಟ್ಟಿದರೆ ತಣ್ಣಗಿರಬೇಕು, ಬೆರಳಿಗೆ ನೀರು ಹತ್ತಬಾರದು. ಅಂಟಿದ ಜಾಗದ ಮೇಲಿಟ್ಟು ಪ್ಲಾಸ್ಟಿಕ್ ಮುಚ್ಚಿ. 5 ನಿಮಿಷಕ್ಕೊಮ್ಮೆ ಕಾರ್ಡ್‌ನಿಂದ ನೋಡಿ, ಬಿಟ್ಟಷ್ಟು ಮಾತ್ರ ಸರಿಸಿ. ಮಡಿಕೆಯ ಮೇಲೆ ಬಣ್ಣದ ಅಚ್ಚಿದ್ದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿ.

ಬಿಟ್ಟ ಕೂಡಲೇ ಮಡಿಕೆಯ ಮೇಲೂ ಕೆಳಗೂ ಬಟರ್ ಪೇಪರ್, ಅದರಾಚೆ ಒಣ ಬ್ಲಾಟಿಂಗ್ ಪೇಪರ್ ಇಟ್ಟು, ದಪ್ಪ ಪುಸ್ತಕದಡಿ ಒಂದು ದಿನ ಬಿಡಿ. ಇಸ್ತ್ರಿ ಹಾಕೋ ಆಸೆ ಬೇಡ.

ಪ್ರಶ್ನೆ ಕೇಳಿದವರು: ಬಿಟ್ಟಿತು! ರಟ್ಟು ಹಾಕಿ ಮತ್ತೆ ಅಂಟಿಸಲಾ?

ಉತ್ತರ 2: ಸಂಗ್ರಹಕ್ಕಾದರೆ ಅಂಟಿಸೋದೇ ಬೇಡ, ಮಡಿಕೆ ಒಳಗೆ ಸೇರಿಸಿದರೆ ಸಾಕು. ರಟ್ಟು ಆಮ್ಲರಹಿತವಾಗಿರಲಿ, ಸುಮಾರು 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ಲಕೋಟೆಗಿಂತ ಎಲ್ಲಾ ಕಡೆ 2 ಮಿ.ಮೀ. ಚಿಕ್ಕದು. ಮುಚ್ಚಲೇಬೇಕಿದ್ದರೆ ಒಂದು ಚಮಚ ಕಾರ್ನ್‌ಫ್ಲೋರ್, ಆರು ಚಮಚ ನೀರು; ಅರೆಪಾರದರ್ಶಕ ಆಗುವವರೆಗೆ ಕುದಿಸಿ, ಆರಿಸಿ. ಮಡಿಕೆಯ ತುದಿಯಲ್ಲಿ ಎರಡು ಚುಕ್ಕೆ, ಅಷ್ಟೇ. ಹೆಚ್ಚು ಬಳಿದರೆ ಬೆಳ್ಳಿಹುಳ ಬರುತ್ತೆ. ಸೆಲ್ಲೋಟೇಪ್ ಕಾಲಕ್ರಮೇಣ ಹಳದಿ ಕಲೆ ಬಿಡುತ್ತೆ. ಫೆವಿಕಾಲ್ ಹಾಕಿದರೆ ಮುಂದಿನ ಸಲ ಈ ಬ್ಲಾಟಿಂಗ್ ಪೇಪರ್ ಉಪಾಯ ನಡೆಯಲ್ಲ.

ಉತ್ತರ 1: ಮಿಕ್ಕ ಲಕೋಟೆಗಳಿಗೂ ಈಗಲೇ ಮಡಿಕೆಯಡಿ ಬಟರ್ ಪೇಪರ್ ಪಟ್ಟಿ ಇಡಿ. ಕರಾವಳಿ, ಮಲೆನಾಡಿನವರಾದರೆ ಜೂನ್ ಬರೋ ಮೊದಲೇ.