ಪುಟ್ಟಾ, ಆ ಫೆಸೆಂಟ್‌ಗಳನ್ನು ಬಿಸಿನೀರಿಗೆ ಹಾಕಬೇಡ

ಪುಟ್ಟಾ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಪಕ್ಕದ ಫಾರ್ಮಿನವರು ಬೇಟೆ ಮುಗಿಸಿ ಬರುವಾಗ ಎರಡು ಫೆಸೆಂಟ್ (ಕೋಳಿ ಜಾತಿಯ ಬೇಟೆ ಹಕ್ಕಿ) ಕೊಟ್ಟು ಹೋದರು, ಪುಕ್ಕ ಸಮೇತ ಇವೆ, ಏನು ಮಾಡಲಿ ಅಂತ ಕೇಳಿದ್ದೀಯ. ದೊಡ್ಡಪ್ಪ ಕುದಿಯುವ ನೀರಿಗೆ ಅದ್ದು ಅಂದಿದ್ದಾರೆ. ದೊಡ್ಡಪ್ಪಾ, ನಮ್ಮ ನಾಟಿಕೋಳಿಗೆ ನೀವು ಹೇಳಿದ್ದು ಸರಿ, ಇದಕ್ಕೆ ಬೇಡ. ಇಂಗ್ಲೆಂಡಿನ ಯಾರ್ಕ್‌ಶೈರಿಗೆ ಬಂದ ಮೊದಲ ಚಳಿಗಾಲ ನಾನೂ ಹಾಗೇ ಮಾಡಿದ್ದೆ. ಎದೆಯ ಚರ್ಮ ಒದ್ದೆ ಕಾಗದದ ಹಾಗೆ ಪುಕ್ಕದ ಜೊತೆಗೇ ಕಿತ್ತು ಬಂತು. ಈ ಹಕ್ಕಿಯ ಚರ್ಮ ತುಂಬಾ ತೆಳು. ನೀರು ಬೇಕೇ ಬೇಕು ಅಂದರೆ 65 ಡಿಗ್ರಿ ಸಾಕು, ಅರ್ಧ ನಿಮಿಷ ಅದ್ದಿ ತೆಗೆ. ನನ್ನ ಕೇಳಿದರೆ ಒಣಗಿದ್ದಾಗಲೇ ಕೀಳುವುದು ಒಳ್ಳೆಯದು.

ಇವತ್ತೇ ಕೀಳಬೇಕು ಅಂತೇನಿಲ್ಲ. ಶೆಡ್ಡು ಫ್ರಿಜ್ಜಿನಷ್ಟು ತಣ್ಣಗಿದ್ದರೆ ಕುತ್ತಿಗೆಗೆ ದಾರ ಕಟ್ಟಿ, ಎರಡನ್ನೂ ಒಂದಕ್ಕೊಂದು ತಾಗದ ಹಾಗೆ ನೇತುಹಾಕು, ಇಲಿ ಬೆಕ್ಕಿಗೆ ಸಿಗಬಾರದು. ಮೂರು ದಿನದಲ್ಲಿ ಮಾಂಸ ಮೆತ್ತಗಾಗುತ್ತದೆ. ಇಲ್ಲಿಯ ಕೆಲವರು ವಾರಗಟ್ಟಲೆ ಬಿಡುತ್ತಾರೆ, ಆ ವಾಸನೆ ನಮಗೆ ಹಿಡಿಸುವುದಿಲ್ಲ.

ಕೀಳುವಾಗ ಅಡುಗೆಮನೆಯಲ್ಲಿ ಕೂರಬೇಡ, ಪುಕ್ಕ ಮನೆಯೆಲ್ಲ ಹಾರುತ್ತದೆ. ಹೊರಗೆ ಸ್ಟೂಲ್ ಹಾಕಿಕೊಂಡು, ಕಾಲ ನಡುವೆ ದೊಡ್ಡ ಕಸದ ಚೀಲ ಬಾಯಿ ತೆರೆದಿಟ್ಟು, ಹಕ್ಕಿಯನ್ನು ಎದೆ ಮೇಲಾಗಿ ತೊಡೆ ಮೇಲೆ ಮಲಗಿಸಿಕೋ. ರೆಕ್ಕೆಯನ್ನು ಕೀಳುತ್ತಾ ಕೂರಬೇಡ, ಅದರಲ್ಲಿ ಮಾಂಸವೇ ಇಲ್ಲ, ಕೀಲಿನ ಹತ್ತಿರ ಕತ್ತರಿಸಿಬಿಡು. ಎದೆಯಿಂದ ಶುರುಮಾಡು. ಎಡಗೈ ಬೆರಳಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದು, ಬಲಗೈಯಲ್ಲಿ ಎರಡೋ ಮೂರೋ ಪುಕ್ಕ ಮಾತ್ರ ಹಿಡಿದು ಟಕ್ ಅಂತ ಎಳೆ. ಹಿಡಿ ತುಂಬಾ ಎಳೆದೆಯೋ, ಚರ್ಮ ಹರಿಯಿತು ಅಂತಲೇ ಲೆಕ್ಕ. ಹರಿದರೂ ಅಳಬೇಡ, ಚರ್ಮ ಪೂರ್ತಿ ಸುಲಿದು ಸಾರಿಗೆ ಹಾಕು. ಉಳಿದ ನವಿರು ಕೂದಲನ್ನು ಗ್ಯಾಸ್ ಉರಿಯ ಮೇಲೆ ಸೀಯಿಸು. ಅಜ್ಜಿ ಹಿತ್ತಲಲ್ಲಿ ಒಣ ಹುಲ್ಲಿಗೆ ಬೆಂಕಿ ಹಚ್ಚಿ ಕೋಳಿಯನ್ನು ತಿರುಗಿಸಿ ತಿರುಗಿಸಿ ಸುಡುತ್ತಿದ್ದರಲ್ಲ, ಅದೇ ಕೆಲಸ, ಆದರೆ ಇದನ್ನು ಒಂದು ಕಡೆ ನಿಲ್ಲಿಸಬೇಡ, ಚರ್ಮ ಬೇಗ ಸುರುಟಿಕೊಳ್ಳುತ್ತದೆ.

ಈಗ ಮುಖ್ಯವಾದದ್ದು, ಸರಿಯಾಗಿ ಕೇಳಿಸಿಕೋ. ಬೇಟೆ ಹಕ್ಕಿಯ ಮೈಯಲ್ಲಿ ಸಾಮಾನ್ಯವಾಗಿ ಸೀಸದ ಗುಂಡು ಇರುತ್ತದೆ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಚರ್ಮದ ಮೇಲೆ ಸಣ್ಣ ನೀಲಿ ಕಲೆ ಕಂಡಲ್ಲಿ ಬೆರಳಾಡಿಸಿ ನೋಡು. ಗುಂಡು ಒಳಗೆ ನುಗ್ಗುವಾಗ ಒಂದೆರಡು ಪುಕ್ಕವನ್ನೂ ಎಳೆದುಕೊಂಡು ಹೋಗಿರುತ್ತದೆ. ಆ ಪುಕ್ಕದ ಎಳೆಯನ್ನು ಚಿಮಟದಲ್ಲಿ ಹಿಡಿದು ಅದರ ದಾರಿಯಲ್ಲೇ ಹೋದರೆ ತುದಿಯಲ್ಲಿ ಗುಂಡು ಸಿಗುತ್ತದೆ. ಸುತ್ತ ಕಪ್ಪಗಾದ ಮಾಂಸವನ್ನೂ ಕತ್ತರಿಸಿ ಎಸೆ. ಆದರೂ ಕಣ್ಣಿಗೆ ಕಾಣದ ಸೀಸದ ಚೂರು ಮಾಂಸದಲ್ಲಿ ಉಳಿಯಬಹುದು. ಗರ್ಭಿಣಿಯರು, ಚಿಕ್ಕ ಮಕ್ಕಳು ಇಂಥ ಮಾಂಸ ತಿನ್ನುವುದನ್ನು ಆದಷ್ಟು ಕಡಿಮೆ ಮಾಡಬೇಕು ಅಂತ ಇಲ್ಲಿಯ ಆಹಾರ ಇಲಾಖೆಯೇ ಹೇಳುತ್ತದೆ. ನಮ್ಮ ಹುಡುಗಿ ಈಗ ಐದು ತಿಂಗಳ ಬಸುರಿ. ಅವಳಿಗೆ ಒಂದು ತುಂಡೂ ಬೇಡ, ರುಚಿ ನೋಡಲಿಕ್ಕೂ ಬೇಡ. ಬೇಜಾರು ಮಾಡಿಕೊಳ್ಳುತ್ತಾಳೆ, ಗೊತ್ತು, ಅವಳಿಗೆ ಅಂತ ಬೇರೆ ಕೋಳಿ ತಂದು ಅದೇ ಮಸಾಲೆ ಹಾಕಿ ಮಾಡಿಕೊಡು.

ಹೊಟ್ಟೆ ತೆಗೆಯುವುದು ನಾಟಿಕೋಳಿಯ ಹಾಗೇ. ಗಂಟಲ ಬುಡದಲ್ಲಿ ಮೇವಿನ ಚೀಲ ಇರುತ್ತದೆ, ಗೋಧಿಯೋ ಮೆಕ್ಕೆಜೋಳವೋ ತುಂಬಿರುತ್ತದೆ, ಮೊದಲು ಅದನ್ನು ಬಿಡಿಸು. ಹಿಂದೆ ಸಣ್ಣದಾಗಿ ಕೊಯ್ದು ಎರಡು ಬೆರಳು ಹಾಕಿ ಎಲ್ಲವನ್ನೂ ಒಟ್ಟಿಗೆ ಎಳೆ. ಪಿತ್ತ ಒಡೆಯಬಾರದು, ಕಹಿ ಆಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ. (ಪಾರಿವಾಳಕ್ಕೆ ಪಿತ್ತದ ಚೀಲವೇ ಇಲ್ಲ, ಮುಂದೆ ಅದನ್ನು ಕೊಟ್ಟರೆ ಹುಡುಕುತ್ತಾ ಕೂರಬೇಡ.) ಒಳಗೆ ಹಸಿರು ಬಣ್ಣ, ಹುಳಿ ವಾಸನೆ ಬಂದರೆ ಹಕ್ಕಿಯನ್ನೇ ಎಸೆದುಬಿಡು. ಕಾಲಿನಲ್ಲಿ ಕಡ್ಡಿಯಂಥ ಗಟ್ಟಿ ನರಗಳಿವೆ. ಪಾದದ ಮೇಲಿನ ಮೂಳೆ ಲಟಕ್ ಅಂತ ಮುರಿದು ಜೋರಾಗಿ ಎಳೆದರೆ ಪಾದದ ಜೊತೆಗೇ ಬರುತ್ತವೆ. ಇಲ್ಲದಿದ್ದರೆ ತಿನ್ನುವಾಗ ಹಲ್ಲಿಗೆ ಸಿಕ್ಕಿಕೊಳ್ಳುತ್ತವೆ.

ಹುಂಜದ ಕಾಲಿನ ಮುಳ್ಳು ನೋಡು. ಮೊಂಡಾಗಿ ಚಿಕ್ಕದಿದ್ದರೆ ಎಳೆಯದು, ಬೆಣ್ಣೆ ಸವರಿ ಓವನ್ನಿಗೆ ಇಡಬಹುದು. ಚೂಪಾಗಿ ಉದ್ದವಿದ್ದರೆ ಬಲಿತದ್ದು, ಕಾಳುಮೆಣಸು ಜಾಸ್ತಿ ಹಾಕಿ ಸಣ್ಣ ಉರಿಯಲ್ಲಿ ಎರಡು ಗಂಟೆ ಸಾರು ಕುದಿಸು. ಕೊಬ್ಬು ಇಲ್ಲದ ಮಾಂಸ, ಜೋರು ಉರಿ ಕೊಟ್ಟರೆ ನಾರಾಗುತ್ತದೆ.

ಮಾವ, ನೀವು ಊರಿನ ಕಾಡುಕೋಳಿಗೂ ಹೀಗೇನಾ ಅಂತ ಕೇಳಿದ್ದೀರಿ. ಅದನ್ನು ಮುಟ್ಟಲೇಬೇಡಿ, ದಯವಿಟ್ಟು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಇಲ್ಲಿ ಬೇಟೆಗೆ ಅಂತಲೇ ಪ್ರತಿವರ್ಷ ಫೆಸೆಂಟ್ ಮರಿ ಸಾಕಿ ಬಿಡುತ್ತಾರೆ, ಅದಕ್ಕೂ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಮಾತ್ರ ಅವಕಾಶ.

ಪುಟ್ಟಾ, ಕೈಗೆ ಗ್ಲೌಸ್ ಹಾಕಿಕೋ. ಎದೆ ಕಡೆ ಕಿತ್ತ ಮೇಲೆ ಒಂದು ಫೋಟೋ ಕಳಿಸು, ಗುಂಡು ಎಲ್ಲೆಲ್ಲಿ ಬಿದ್ದಿದೆ ಅಂತ ನೋಡಿ ಹೇಳುತ್ತೇನೆ.