ಪದಚರ್ಚೆ: ಬ್ಲೂ-ರೇ ತಟ್ಟೆಯ ‘ಪಿಟ್’ ಅನ್ನು ‘ಗುಳಿ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ದೃಶ್ಯ-ಶ್ರವ್ಯ ವಿಭಾಗವಿರುವ ಗ್ರಂಥಾಲಯವೊಂದರ ಸಿಬ್ಬಂದಿಗಾಗಿ ಕನ್ನಡದಲ್ಲಿ ಸಣ್ಣ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಸಿ.ಡಿ., ಡಿ.ವಿ.ಡಿ. ಮತ್ತು ಬ್ಲೂ-ರೇ ತಟ್ಟೆಗಳಲ್ಲಿ ದತ್ತಾಂಶ ಯಾವ ರೂಪದಲ್ಲಿ ಉಳಿದಿರುತ್ತದೆ ಎಂಬುದು ಅದರ ವಿಷಯ. ತಟ್ಟೆಯಲ್ಲಿ ಅಚ್ಚೊತ್ತಿದ ಅತಿ ಸಣ್ಣ ತಗ್ಗಾದ ಭಾಗವನ್ನು ಇಂಗ್ಲಿಷಿನಲ್ಲಿ ‘ಪಿಟ್’ ಎಂದೂ ಎರಡು ಪಿಟ್‌ಗಳ ನಡುವಿನ ಸಮತಟ್ಟಾದ ಭಾಗವನ್ನು ‘ಲ್ಯಾಂಡ್’ ಎಂದೂ ಕರೆಯುತ್ತಾರೆ. ಪಿಟ್ ಅನ್ನು ‘ಗುಳಿ’ ಎಂದುಕೊಂಡು ಬ್ಲೂ-ರೇ ಅಧ್ಯಾಯಕ್ಕೆ ನಾನು ಮೊದಲು ಬರೆದಿದ್ದ ವಾಕ್ಯ ಹೀಗಿತ್ತು: ‘ಗುಳಿ ಇರುವ ಕಡೆ ಸೊನ್ನೆ, ಸಮತಟ್ಟಾಗಿರುವ ಕಡೆ ಒಂದು ಎಂದು ಯಂತ್ರ ಓದಿಕೊಳ್ಳುತ್ತದೆ.’ ವಾಕ್ಯ ಸಲೀಸಾಗಿದೆ, ಆದರೆ ತಪ್ಪಾಗಿದೆ. ಆ ತಪ್ಪಿಗೆ ಅರ್ಧ ಕಾರಣ ನನ್ನ ಅವಸರವಾದರೆ ಇನ್ನರ್ಧ ಕಾರಣ ‘ಗುಳಿ’ ಎಂಬ ಪದವೇ ಎಂದು ಈಗ ಅನ್ನಿಸುತ್ತಿರುವುದರಿಂದ, ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

‘ಗುಳಿ’ ಎಂದೊಡನೆ ನನ್ನ ಕಣ್ಣಿಗೆ ಬರುವುದು ಕೆನ್ನೆಯ ಗುಳಿ ಮತ್ತು ಅಳಗುಳಿಮಣೆ. ಮಣೆಯ ಹದಿನಾಲ್ಕು ಗುಳಿಗಳಲ್ಲಿ ಕಾಯಿಗಳನ್ನು ತುಂಬುತ್ತೇವೆ, ಎಣಿಸುತ್ತೇವೆ, ಬರಿದು ಮಾಡುತ್ತೇವೆ. ಅಂದರೆ ಗುಳಿ ಎಂಬುದು ಏನನ್ನಾದರೂ ಇಡುವ ಜಾಗ. ಈ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಓದುವವರು ತಟ್ಟೆಯ ಪ್ರತಿ ಗುಳಿಯೊಳಗೂ ಒಂದೊಂದು ಅಂಕಿ ಕುಳಿತಿದೆ ಎಂದೇ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ.

ವಾಸ್ತವದಲ್ಲಿ ಗುಳಿಯೊಳಗೆ ಏನೂ ಇರುವುದಿಲ್ಲ. ತಟ್ಟೆಯ ಒಳಸುತ್ತಿನಿಂದ ಹೊರಸುತ್ತಿಗೆ ಒಂದೇ ಸುರುಳಿಯಾಗಿ ಸಾಗುವ ಸಾಲಿನಲ್ಲಿ ಗುಳಿ ಮತ್ತು ಸಮತಟ್ಟಾದ ಭಾಗ ಒಂದಾದ ಮೇಲೊಂದು ಬರುತ್ತವೆ. ಲೇಸರ್ ಚುಕ್ಕೆ ಒಂದರಿಂದ ಇನ್ನೊಂದಕ್ಕೆ ದಾಟುವ ಅಂಚಿನಲ್ಲಿ, ಅದು ಇಳಿಯುವ ಅಂಚಾಗಿರಲಿ ಏರುವ ಅಂಚಾಗಿರಲಿ, ಯಂತ್ರ ‘ಒಂದು’ ಎಂದು ಗುರುತಿಸುತ್ತದೆ. ಬದಲಾವಣೆಯಿಲ್ಲದೆ ಸಾಗಿದಷ್ಟು ದೂರವನ್ನು ಅಳೆದು ಅಷ್ಟು ‘ಸೊನ್ನೆ’ಗಳೆಂದು ಲೆಕ್ಕ ಹಾಕುತ್ತದೆ. ಗುಳಿಯ ತಳವೂ ಸೊನ್ನೆಗಳೇ, ಸಮತಟ್ಟಾದ ಭಾಗವೂ ಸೊನ್ನೆಗಳೇ. ಅರ್ಥವಿರುವುದು ಅಂಚಿನಲ್ಲಿ ಮತ್ತು ಒಂದು ಅಂಚಿನಿಂದ ಮುಂದಿನ ಅಂಚಿಗಿರುವ ಉದ್ದದಲ್ಲಿ. ಹಾಗಾದರೆ ‘ಗುಳಿಗಳಲ್ಲಿ ದತ್ತಾಂಶವನ್ನು ಸಂಗ್ರಹಿಸಲಾಗುತ್ತದೆ’ ಎಂಬ ನಮ್ಮ ರೂಢಿಯ ವಾಕ್ಯದಲ್ಲಿ ನಾಮಪದವೂ ಹೊಂದುವುದಿಲ್ಲ, ಅದಕ್ಕೆ ಹಚ್ಚಿದ ‘ಅಲ್ಲಿ’ ಎಂಬ ಪ್ರತ್ಯಯವೂ ಹೊಂದುವುದಿಲ್ಲ.

ಆಕಾರದ ವಿಷಯದಲ್ಲೂ ತೊಡಕಿದೆ. ಗುಳಿ, ಕುಳಿ, ಗುಂಡಿ, ಹೊಂಡ ಎಲ್ಲವೂ ನನ್ನ ಕಿವಿಗೆ ದುಂಡನೆಯ, ಆಳವಾದ ವಸ್ತುಗಳು. ಬ್ಲೂ-ರೇಯ ಪಿಟ್ ದುಂಡಗೂ ಇಲ್ಲ, ಆಳವಾಗಿಯೂ ಇಲ್ಲ. 25 ಗಿಗಾಬೈಟ್‌ನ ತಟ್ಟೆಯಲ್ಲಿ ಅತಿ ಚಿಕ್ಕದರ ಉದ್ದ 0.149 ಮೈಕ್ರೋಮೀಟರ್, ಅತಿ ಉದ್ದದ್ದು ಇದರ ನಾಲ್ಕು ಪಟ್ಟಿಗಿಂತಲೂ ತುಸು ಹೆಚ್ಚು. ಆಳವನ್ನು ಲೇಸರ್ ಬೆಳಕಿನ ತರಂಗಾಂತರದ ಕಾಲು ಭಾಗದ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. 405 ನ್ಯಾನೋಮೀಟರಿನ ಬೆಳಕು ಪ್ಲಾಸ್ಟಿಕ್ಕಿನೊಳಗೆ ಸುಮಾರು 250ಕ್ಕೆ ಕುಗ್ಗುವುದರಿಂದ ಕಾಲು ಭಾಗವೆಂದರೆ ಅರವತ್ತು ಚಿಲ್ಲರೆ ನ್ಯಾನೋಮೀಟರ್. ತಳಕ್ಕೆ ಹೋಗಿ ಮರಳುವ ಬೆಳಕು ಸುತ್ತಲಿನ ಸಮತಟ್ಟಿನಿಂದ ಮರಳುವ ಬೆಳಕಿಗಿಂತ ಅರ್ಧ ಅಲೆಯಷ್ಟು ಹಿಂದೆ ಬೀಳುತ್ತದೆ. ಏರು ಇಳಿವನ್ನು ಕೂಡಿ ಎರಡೂ ಒಂದನ್ನೊಂದು ಬಹುಮಟ್ಟಿಗೆ ಅಳಿಸಿಕೊಳ್ಳುವುದರಿಂದ ಅಲ್ಲಿ ಮಂಕು ಕಾಣುತ್ತದೆ. ಬೆಳಕನ್ನು ಗುಂಡಿ ನುಂಗಿಕೊಂಡಿತು ಎಂದು ಬರೆಯುವ ಹಾಗೂ ಇಲ್ಲ.

ಇನ್ನು ಯಾವ ಕಡೆಯಿಂದ ನೋಡಬೇಕು ಎಂಬ ಪ್ರಶ್ನೆ. ಸಿ.ಡಿ.ಯಲ್ಲಿ ಲೇಸರ್ ಬೆಳಕು ಅಚ್ಚೊತ್ತಿದ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕನ್ನು ಹಾದು ಹಿಂಬದಿಯಿಂದ ಬರುವುದರಿಂದ, ತಯಾರಿಸಿದವರು ತಗ್ಗೆಂದು ಕರೆದದ್ದು ಓದುವ ಯಂತ್ರಕ್ಕೆ ದಿಬ್ಬವಾಗಿ ಎದುರಾಗುತ್ತದೆ. ಬ್ಲೂ-ರೇಯಲ್ಲಿ ಬೆಳಕು ಬರುವ ದಾರಿಯೇ ಬೇರೆ: 1.1 ಮಿಲಿಮೀಟರಿನ ಅಡಿತಟ್ಟೆಯ ಮೇಲೆ ಅಚ್ಚೊತ್ತಿ, ಹೊಳಪಿನ ಲೇಪ ಕೊಟ್ಟು, ಅದರ ಮೇಲೆ ಕೇವಲ 0.1 ಮಿಲಿಮೀಟರಿನ ತೆಳುವಾದ ಹೊದಿಕೆಯನ್ನು ಹಾಸಿರುತ್ತಾರೆ. ಲೇಸರ್ ಒಳಹೋಗುವುದು ಈ ಹೊದಿಕೆಯ ಮೂಲಕ. ಈ ಹೊದಿಕೆಗೆ ನಾನು ‘ಪೊರೆ’ ಎಂಬ ಪದವನ್ನು ಬಳಸಿದ್ದೇನೆ. ‘ಪದರ’ವನ್ನು ದತ್ತಾಂಶದ ಪದರಗಳಿಗೇ ಮೀಸಲಿಡಬೇಕು, ಇಲ್ಲದಿದ್ದರೆ ಎರಡು ಪದರಗಳ 50 ಗಿಗಾಬೈಟ್ ತಟ್ಟೆಯ ವಿವರಣೆಯಲ್ಲಿ ಯಾವ ಪದರ ಯಾವುದು ಎಂಬುದೇ ತಿಳಿಯದು.

ಮನೆಯಲ್ಲಿ, ಕಚೇರಿಯಲ್ಲಿ ನಾವೇ ಬರೆದುಕೊಳ್ಳುವ ತಟ್ಟೆಗಳಿಗೆ ಬಂದರಂತೂ ‘ಗುಳಿ’ ಪೂರ್ತಿಯಾಗಿ ಸೋಲುತ್ತದೆ. ಅಲ್ಲಿ ದತ್ತಾಂಶವನ್ನು ಅಚ್ಚೊತ್ತಿರುವುದಿಲ್ಲ; ಲೇಸರಿನ ಶಾಖದಿಂದ ಬರೆಯುವ ಪದರದ ಪ್ರತಿಫಲನ ಬದಲಾಗುತ್ತದೆ, ಅಷ್ಟೆ. ಅಳಿಸಿ ಬರೆಯುವ ತಟ್ಟೆಯಲ್ಲಿ ಅದೇ ಲೋಹಮಿಶ್ರಣ ಹರಳಿನ ಸ್ಥಿತಿಗೂ ಅಸ್ತವ್ಯಸ್ತ ಸ್ಥಿತಿಗೂ ನಡುವೆ ಓಡಾಡುತ್ತದೆ. ಹಾಗಾಗಿ ಬರೆಯುವ ತಟ್ಟೆಗಳಿಗೆ ‘ಗುರುತು’ ಮತ್ತು ‘ತೆರಪು’ ಎಂಬ ಜೋಡಿಯನ್ನು ಸೂಚಿಸುತ್ತೇನೆ. ಅಚ್ಚೊತ್ತಿದ ತಟ್ಟೆಗಳಿಗೆ ‘ತಗ್ಗು’ ಮತ್ತು ‘ಮಟ್ಟ’ ಸಾಕೆನಿಸುತ್ತದೆ. ‘ತಗ್ಗು’ ಎಂಬಲ್ಲಿ ದುಂಡು ಇಲ್ಲ, ತುಂಬುವ ಪಾತ್ರೆಯ ಚಿತ್ರವೂ ಇಲ್ಲ. ‘ಲ್ಯಾಂಡ್’ ಅನ್ನು ‘ನೆಲ’ ಎಂದು ಮಾಡಿದ್ದನ್ನು ಒಬ್ಬ ಮಿತ್ರರ ಕರಡಿನಲ್ಲಿ ನೋಡಿದೆ; ಅದು ತೀರಾ ಅಕ್ಷರಶಃ ಆಯಿತು. ‘ತೋಡು’ ಎಂದರೆ ಕರಾವಳಿಯವರು ನೀರು ಹರಿಯುವುದನ್ನು ನಿರೀಕ್ಷಿಸುತ್ತಾರೆ. ‘ಗೀರು’ ತಟ್ಟೆ ಹಾಳಾದಾಗ ಬೇಕಾಗುವ ಪದ, ಅದನ್ನು ಮುಟ್ಟಬಾರದು.

ಕ್ರಿಯಾಪದದ ವಿಷಯದಲ್ಲಿ ಮಾತ್ರ ಕನ್ನಡ ನನಗೆ ಅನಿರೀಕ್ಷಿತವಾಗಿ ಒದಗಿಬಂತು. ಆಡುಮಾತಿನಲ್ಲಿ ‘ರೈಟ್ ಮಾಡು’, ‘ಬರ್ನ್ ಮಾಡು’ ಎರಡೂ ನಡೆಯುತ್ತವೆ. ಬರ್ನ್ ಎಂಬುದಕ್ಕೆ ‘ಸುಡು’ ಎಂದು ಬರೆದರೆ ತಟ್ಟೆಯನ್ನು ಒಲೆಗೆ ಹಾಕಿದಂತಾಗುತ್ತದೆ. ಆದರೆ ನಮ್ಮ ‘ಬರೆ’ ಎರಡು ಬಗೆಯದು: ಕೈಯಿಂದ ಬರೆಯುವುದು ಒಂದು, ಕಾದ ಕಬ್ಬಿಣದಿಂದ ಹಾಕುವ ಬರೆ, ಹುಲಿಯನ್ನು ನೋಡಿ ನರಿ ಎಳೆದುಕೊಂಡ ಬರೆ, ಇನ್ನೊಂದು. ಲೇಸರ್ ತಟ್ಟೆಯ ಮೇಲೆ ಮಾಡುವ ಕೆಲಸಕ್ಕೆ ಈ ಎರಡು ಅರ್ಥಗಳೂ ಒಟ್ಟಿಗೆ ಸಲ್ಲುತ್ತವೆ. ಆದ್ದರಿಂದ ಕಾರ್ಖಾನೆಯ ತಟ್ಟೆಗೆ ‘ಅಚ್ಚೊತ್ತು’, ನಾವು ಮಾಡಿಕೊಳ್ಳುವ ತಟ್ಟೆಗೆ ‘ಬರೆ’ ಎಂದು ನಿಶ್ಚಯಿಸಿ, ‘ಸಂಗ್ರಹಿಸು’ ಎಂಬುದನ್ನು ಎರಡು ಕಡೆಯೂ ಕೈಬಿಟ್ಟಿದ್ದೇನೆ.

ಉದ್ದದ ಅಳತೆಗೆ ಬೇಕಾದ ಪದದ ಬಗ್ಗೆ ನನಗೆ ಹೆಚ್ಚಿನ ಆಸಕ್ತಿಯಿದೆ. ಬ್ಲೂ-ರೇಯಲ್ಲಿ ದತ್ತಾಂಶದ ಪ್ರತಿ ಎರಡು ಬಿಟ್‌ಗಳನ್ನು ಮೂರು ಬಿಟ್‌ಗಳ ಸಂಕೇತಕ್ಕೆ ಬದಲಾಯಿಸಿ ಬರೆಯುತ್ತಾರೆ. ಹೀಗೆ ಬದಲಾಯಿಸುವಾಗ ಎರಡು ‘ಒಂದು’ಗಳ ನಡುವೆ ಕನಿಷ್ಠ ಒಂದು, ಗರಿಷ್ಠ ಏಳು ಸೊನ್ನೆಗಳು ಮಾತ್ರ ಬರುವಂತೆ ನೋಡಿಕೊಳ್ಳುವುದರಿಂದ, ತಗ್ಗಾಗಲಿ ಮಟ್ಟವಾಗಲಿ ಎರಡು ಘಟಕಗಳಿಗಿಂತ ಗಿಡ್ಡವಾಗುವುದಿಲ್ಲ, ದತ್ತಾಂಶದ ಭಾಗದಲ್ಲಿ ಎಂಟು ಘಟಕಗಳಿಗಿಂತ ಉದ್ದವಾಗುವುದೂ ಇಲ್ಲ. ತೀರಾ ಗಿಡ್ಡವಾದರೆ ಚುಕ್ಕೆಗೆ ಕಾಣದು, ತೀರಾ ಉದ್ದವಾದರೆ ಯಂತ್ರಕ್ಕೆ ತಾಳ ತಪ್ಪುತ್ತದೆ. ಈ ಘಟಕವನ್ನು ಇಂಗ್ಲಿಷಿನಲ್ಲಿ ಬರಿಯ ‘ಟಿ’ ಎಂಬ ಅಕ್ಷರದಿಂದ ಸೂಚಿಸುತ್ತಾರೆ. ನಾವು ಇದನ್ನು ‘ಮಾತ್ರೆ’ ಎಂದು ಕರೆದರೆ ಹೇಗೆ? ಲಘುವಿಗೆ ಒಂದು, ಗುರುವಿಗೆ ಎರಡು, ಪ್ಲುತಕ್ಕೆ ಮೂರು ಮಾತ್ರೆ ಎಂದು ಶಾಲೆಯಲ್ಲಿ ಪ್ರಸ್ತಾರ ಹಾಕಿದವರಿಗೆ, ಎರಡರಿಂದ ಎಂಟು ಮಾತ್ರೆಯ ತಗ್ಗುಗಳು ಎಂದರೆ ಬೇರೆ ವಿವರಣೆಯೇ ಬೇಡ. ದುಂಡನೆಯ ತಟ್ಟೆಯ ಪ್ರಸಂಗದಲ್ಲಿ ಔಷಧದ ಮಾತ್ರೆ ನೆನಪಾಗುವ ಅಪಾಯವಿದೆ ಎಂಬುದನ್ನು ಒಪ್ಪುತ್ತೇನೆ.

ಉಳಿದವುಗಳಲ್ಲಿ ‘ಬ್ಲೂ-ರೇ’ಯನ್ನು ‘ನೀಲಿ ಕಿರಣ’ ಎಂದು ಅನುವಾದಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ವ್ಯಾಪಾರದ ಹೆಸರು. ಮೇಲಾಗಿ 405 ನ್ಯಾನೋಮೀಟರಿನ ಬೆಳಕು ಕಣ್ಣಿಗೆ ನೇರಳೆ. ಅದೇ ಬೆಳಕನ್ನು ಬಳಸುತ್ತಿದ್ದ, 2008ರ ಫೆಬ್ರುವರಿಯಲ್ಲಿ ತೋಷಿಬಾ ಕೈಬಿಟ್ಟ ಎಚ್.ಡಿ. ಡಿ.ವಿ.ಡಿ. ಎಂಬ ಪ್ರತಿಸ್ಪರ್ಧಿ ತಟ್ಟೆಯ ಹೆಸರಿನಲ್ಲಿ ಬಣ್ಣದ ಸುಳಿವೂ ಇರಲಿಲ್ಲ.

ಆದರೆ ‘ಸಾಂದ್ರ’ದ ತೊಡಕನ್ನು ನನ್ನಿಂದ ಬಿಡಿಸಲಾಗಲಿಲ್ಲ. ಸಿ.ಡಿ.ಯನ್ನು ‘ಸಾಂದ್ರಮುದ್ರಿಕೆ’ ಎಂದಾಗ ನಾವು ಹೇಳಿದ್ದು ಗಾತ್ರದ ಚಿಕ್ಕತನವನ್ನು. ಈಗ ಹೇಳಬೇಕಾದದ್ದು ನಿಜವಾದ ದಟ್ಟಣೆಯನ್ನು. ಸಾಲುಗಳ ನಡುವಿನ ಅಂತರ ಸಿ.ಡಿ.ಯಲ್ಲಿ 1.6, ಡಿ.ವಿ.ಡಿ.ಯಲ್ಲಿ 0.74, ಎಚ್.ಡಿ. ಡಿ.ವಿ.ಡಿ.ಯಲ್ಲಿ 0.40, ಬ್ಲೂ-ರೇಯಲ್ಲಿ 0.32 ಮೈಕ್ರೋಮೀಟರ್. ತರಂಗಾಂತರ 650ರಿಂದ 405 ನ್ಯಾನೋಮೀಟರಿಗೆ ಇಳಿದು, ಮಸೂರ ಬೆಳಕನ್ನು ಕೂಡಿಸುವ ಕೋನದ ಅಳತೆ 0.60ರಿಂದ 0.85ಕ್ಕೆ ಏರಿದ್ದರಿಂದ, ಡಿ.ವಿ.ಡಿ.ಗೆ ಹೋಲಿಸಿದರೆ ಬೆಳಕಿನ ಚುಕ್ಕೆಯ ವಿಸ್ತಾರ ಐದನೆಯ ಒಂದು ಭಾಗಕ್ಕೆ ಕುಗ್ಗಿತು, 4.7 ಗಿಗಾಬೈಟ್ ಇದ್ದ ಜಾಗದಲ್ಲಿ 25 ಹಿಡಿಸಿದ್ದಕ್ಕೆ ಮುಖ್ಯ ಕಾರಣ ಇದು. ಇದನ್ನು ‘ಅಧಿಕ ಸಾಂದ್ರತೆಯ ಸಾಂದ್ರಮುದ್ರಿಕೆ’ ಎಂದು ಬರೆಯಲು ಕೈ ಬರುವುದಿಲ್ಲ. ‘ಹೈ ಡೆಫಿನಿಷನ್’ಗೆ ‘ಅಧಿಕ ಸ್ಪಷ್ಟತೆ’ ಎಂದರೆ ಅದು ಪರದೆಯ ಮೇಲಿನ ಚಿತ್ರದ ಗುಣವಾಯಿತೇ ಹೊರತು ತಟ್ಟೆಯ ಗುಣವಾಗಲಿಲ್ಲ.

ಹೀಗಾಗಿ ಎರಡು ವಿಷಯಗಳಲ್ಲಿ ನಿಮ್ಮ ಅಭಿಪ್ರಾಯ ಬೇಕು. ದಟ್ಟಣೆಗೆ ‘ಒತ್ತು’, ‘ಒತ್ತಣೆ’ಗಳಂಥ ಪದ ಈ ಸಂದರ್ಭದಲ್ಲಿ ನಿಲ್ಲುತ್ತದೆಯೇ, ಅಥವಾ ‘ಅಚ್ಚೊತ್ತು’ವಿನ ಜೊತೆ ಗೊಂದಲವಾಗುತ್ತದೆಯೇ? ಹಾಗೆಯೇ ‘ತಗ್ಗು’ ನಿಮ್ಮ ಊರಿನ ಬಳಕೆಯಲ್ಲಿ ನಾಮಪದವಾಗಿ ಉಳಿದಿದೆಯೇ, ಅಥವಾ ‘ಬೆಲೆ ತಗ್ಗಿತು’ ಎಂಬಂಥ ಕ್ರಿಯಾಪದವಾಗಿಯೇ ಹೆಚ್ಚು ಕೇಳಿಸುತ್ತದೆಯೇ? ಉತ್ತರ ಕರ್ನಾಟಕದವರು ರಸ್ತೆಯ ಹೊಂಡಕ್ಕೂ ‘ತಗ್ಗು’ ಎನ್ನುವುದನ್ನು ಕೇಳಿದ್ದೇನೆ. ಆ ಕಡೆಯ ಓದುಗರಿಗೆ ನನ್ನ ತಗ್ಗು ಮತ್ತೆ ಗುಂಡಿಯಾಗಿಯೇ ಕಾಣುವುದಾದರೆ, ‘ಗುರುತು’ ಎಂಬುದನ್ನೇ ಎರಡು ಬಗೆಯ ತಟ್ಟೆಗಳಿಗೂ ಇಟ್ಟುಬಿಡುತ್ತೇನೆ.